ಲೆಜರ್ ಕಂಪನಿಯದು, ಸಾಕ್ಷಿಯ ಭಾರ ವಾರಸುದಾರರದು: ಅಮೆರಿಕದ ಶಾಸಕರಿಗೂ ವಿಮಾ ಆಯುಕ್ತರಿಗೂ ಒಂದು ಬಹಿರಂಗ ಪತ್ರ

ಇವರಿಗೆ,
ಅಮೆರಿಕದ ಸೆನೆಟ್ ಮತ್ತು ಪ್ರತಿನಿಧಿ ಸಭೆಯ ನ್ಯಾಯಾಂಗ ಸಮಿತಿಗಳ ಸದಸ್ಯರು,
ಹಾಗೂ ಎಲ್ಲ ರಾಜ್ಯಗಳ ವಿಮಾ ಆಯುಕ್ತರು

ವಿಷಯ: ಹಾಲೋಕಾಸ್ಟ್, ಅಂದರೆ ನಾಜಿ ಜರ್ಮನಿ ನಡೆಸಿದ ಯಹೂದಿಗಳ ನರಮೇಧದ ಕಾಲದ, ಪಾವತಿಯಾಗದ ವಿಮಾ ಕ್ಲೇಮುಗಳ ಮೇಲೆ ಸರ್ಕಾರದ ನಿಗಾ ಇಡುವ ಬಗ್ಗೆ

ಮಾನ್ಯರೇ,

ನಾನು ನ್ಯೂಜೆರ್ಸಿಯ ಒಬ್ಬ ಮತದಾರ. ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯಲ್ಲಿ. ಮಕ್ಕಳ ಹಿಂದೆ ಇಲ್ಲಿಗೆ ಬಂದು ನೆಲೆಸುವ ಮೊದಲು ಕರ್ನಾಟಕದ ವಿಮಾ ಕಚೇರಿಯೊಂದರಲ್ಲಿ, ಅದರಲ್ಲೂ ಜಾಸ್ತಿ ಕಾಲ ಕ್ಲೇಮ್ ವಿಭಾಗದಲ್ಲಿ, ಕೆಲಸ ಮಾಡಿದೆ. ನಾನು ಯಹೂದಿ ಅಲ್ಲ. ಯುರೋಪಿನಲ್ಲಿ ನನಗೆ ನೆಂಟರಿಲ್ಲ. ಈ ವಿಷಯದಲ್ಲಿ ನನಗೆ ಒಂದು ಡಾಲರ್ ಕೂಡ ಬರುವುದಿಲ್ಲ. ಆದರೂ ಬರೆಯುತ್ತಿದ್ದೇನೆ. ಕ್ಲೇಮ್ ಫೈಲ್ ಅಂದರೆ ಏನು, ಅದನ್ನು ಹೇಗೆ ತೀರಿಸುತ್ತಾರೆ, ತೀರಿಸಬಾರದು ಅಂತ ಮನಸ್ಸು ಮಾಡಿದರೆ ಹೇಗೆ ಎಳೆದಾಡುತ್ತಾರೆ ಅನ್ನುವುದು ನನಗೆ ಮೇಜಿನ ಒಳಗಿನ ಕಡೆಯಿಂದ ಗೊತ್ತು.

ಇಂಗ್ಲಿಷ್ ಪ್ರತಿ ನಿಮ್ಮ ಕಚೇರಿಗಳಿಗೆ ಬಂದಿರುತ್ತದೆ. ಕನ್ನಡದಲ್ಲಿ ಬಹಿರಂಗವಾಗಿ ಹಾಕುತ್ತಿರುವುದು ನಮ್ಮ ಜನರೂ ಓದಲಿ ಅಂತ. ಇಲ್ಲಿ ವೋಟು ಹಾಕುವ ಕನ್ನಡಿಗರು ಕಡಿಮೆಯೇನಿಲ್ಲ.

ನಮ್ಮ ಊರಿನ ಲೈಬ್ರರಿಗೆ ಬರುವ ಒಬ್ಬ ಹಿರಿಯ ಮಹಿಳೆ ನನ್ನ ಹಳೇ ಉದ್ಯೋಗ ಏನು ಅಂತ ತಿಳಿದ ಮೇಲೆ ಒಂದು ಪ್ಲಾಸ್ಟಿಕ್ ಕವರ್ ತಂದು ಮುಂದಿಟ್ಟರು. ಒಳಗೆ ಎರಡೇ ಕಾಗದ. ಒಂದು, ಕಂದು ಬಣ್ಣಕ್ಕೆ ತಿರುಗಿದ ಪ್ರೀಮಿಯಂ ರಸೀದಿ. ಅವರ ತಂದೆಯ ಹೆಸರು, ಕಂತಿನ ಮೊತ್ತ, ಏಜೆಂಟನ ಮುದ್ರೆ, 1937ರ ತಾರೀಕು ಇದ್ದವು. ಪಾಲಿಸಿ ನಂಬರ್ ಇರಬೇಕಾದ ಮೂಲೆ ಮಡಿಕೆಯಲ್ಲಿ ಹರಿದುಹೋಗಿತ್ತು. ಇನ್ನೊಂದು, ವಿಮಾ ಕಂಪನಿಯೊಂದರ ಪತ್ರ. ಈ ಹೆಸರಿನಲ್ಲಿ ನಮ್ಮಲ್ಲಿ ಯಾವ ದಾಖಲೆಯೂ ಸಿಗಲಿಲ್ಲ, ನಿಮ್ಮ ಹತ್ತಿರ ಪಾಲಿಸಿ ನಂಬರ್ ಇದ್ದರೆ ಕಳಿಸಿ, ಮತ್ತೆ ನೋಡುತ್ತೇವೆ ಅಂತ. ಕಂಪನಿಯ ಹೆಸರು ಇಲ್ಲಿ ಬೇಡ. ಬರೆದ ಗುಮಾಸ್ತರು ಸಭ್ಯವಾಗಿಯೇ ಬರೆದಿದ್ದರು. ಆ ಮಹಿಳೆ ನನ್ನನ್ನು ಕೇಳಿದ್ದು ಇಷ್ಟೇ: "ನಂಬರ್ ಇಲ್ಲದೆ ಹುಡುಕೋಕೆ ಆಗೋದೇ ಇಲ್ವಾ?"

ಆಗುತ್ತದೆ. ಅದನ್ನೇ ನಿಮಗೆ ಹೇಳಬೇಕಿದೆ.

ಒಂದು ಜೀವವಿಮಾ ಪಾಲಿಸಿ ಹುಟ್ಟಿದರೆ ಕಚೇರಿಯಲ್ಲಿ ಒಂದೇ ಕಡೆ ದಾಖಲಾಗುವುದಿಲ್ಲ. ಪ್ರಸ್ತಾವನೆಯ ರಿಜಿಸ್ಟರಿನಲ್ಲಿ ಹೆಸರು ಬರುತ್ತದೆ. ಪ್ರೀಮಿಯಂ ಲೆಜರಿನಲ್ಲಿ ಪ್ರತಿ ಕಂತೂ ಏರುತ್ತದೆ. ಏಜೆಂಟನಿಗೆ ಕಮಿಷನ್ ಕೊಡಬೇಕಲ್ಲ, ಅಲ್ಲೂ ಒಂದು ಸಾಲು. ತಪಾಸಣೆ ಮಾಡಿದ ಡಾಕ್ಟರಿಗೆ ಶುಲ್ಕ, ಅದಕ್ಕೊಂದು ವೋಚರ್. ಮೊತ್ತ ದೊಡ್ಡದಿದ್ದರೆ ಮರುವಿಮೆ ಕೊಟ್ಟ ಕಂಪನಿಯ ಹತ್ತಿರವೂ ಒಂದು ಚೀಟಿ. ಕಂಪ್ಯೂಟರ್ ಬರುವ ಮೊದಲೇ ಈ ಪದ್ಧತಿ ಇತ್ತು, ಯಾಕಂದರೆ ಇದಿಲ್ಲದೆ ಕಂಪನಿಗೆ ತನ್ನ ಲಾಭ ಎಷ್ಟು ಅಂತಲೇ ಗೊತ್ತಾಗುತ್ತಿರಲಿಲ್ಲ. ಜನರ ಪ್ರೀಮಿಯಂ ಪಡೆದ ಕಂಪನಿ ಜಾಗರೂಕತೆಯಿಂದ ಲೆಕ್ಕ ಇಟ್ಟಿರುತ್ತದೆ. ಗ್ರಾಹಕನ ಮನೆಯಲ್ಲಿ ಇರುವುದು ಒಂದು ಬಾಂಡ್ ಮಾತ್ರ. ಅದು ನೆನೆಯಬಹುದು, ಸುಡಬಹುದು, ಪೊಲೀಸರು ಬಾಗಿಲು ಒಡೆದು ಒಳಗೆ ಬಂದಾಗ ಹಿಂದೆ ಉಳಿಯಬಹುದು.

ನಮ್ಮಲ್ಲೂ ಬಾಂಡ್ ಕಳೆದುಕೊಂಡು ಬಂದವರು ಎಷ್ಟೋ ಜನ. ಮುಂದೆ ತಕರಾರು ಬಂದರೆ ನಾವೇ ಹೊಣೆ ಅಂತ ಛಾಪಾ ಕಾಗದದ ಮೇಲೆ ಇಂಡೆಮ್ನಿಟಿ ಬಾಂಡ್ ಬರೆಸಿಕೊಂಡು ಹಣ ಕೊಡುತ್ತೇವೆ. ಮನುಷ್ಯ ಕಾಣೆಯಾಗಿ ಏಳು ವರ್ಷ ಸುದ್ದಿ ಇಲ್ಲದಿದ್ದರೆ ಸತ್ತಿದ್ದಾನೆ ಅಂತ ಭಾವಿಸಬಹುದು ಅನ್ನುತ್ತದೆ ಭಾರತದ ಸಾಕ್ಷ್ಯ ಕಾನೂನು. ಕೋರ್ಟಿನ ಆದೇಶ ತಂದರೆ ಆ ಕ್ಲೇಮೂ ತೀರುತ್ತದೆ. ಸುಲಭ ಅಂತ ಹೇಳುತ್ತಿಲ್ಲ. ಜನರನ್ನು ನಾವೂ ಅಲೆದಾಡಿಸಿದ್ದೇವೆ. ಆದರೆ ದಾರಿ ಅಂತ ಒಂದು ಇದೆ. ದಾರಿ ತಪ್ಪಿದರೆ ಕೇಳಲು ಓಂಬುಡ್ಸ್‌ಮನ್ ಇದ್ದಾರೆ, ಗ್ರಾಹಕ ನ್ಯಾಯಾಲಯ ಇದೆ, ಮೇಲೆ ನಿಯಂತ್ರಣ ಪ್ರಾಧಿಕಾರ ಇದೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಬದುಕಿ ಬಂದ ಯಹೂದಿಗಳು ವಿಮಾ ಕಚೇರಿಗಳ ಬಾಗಿಲಿಗೆ ಹೋದಾಗ ಮರಣ ಪ್ರಮಾಣಪತ್ರ ತನ್ನಿ ಅಂತ ಹೇಳಿದ ಕಥೆ ನಿಮಗೆ ಹೊಸದೇನಲ್ಲ. ನಿಮ್ಮ ಸಮಿತಿಗಳ ಮುಂದೆಯೇ ಸಾಕ್ಷಿಗಳು ಅದನ್ನು ಹೇಳಿದ್ದಾರೆ. ನಾಜಿಗಳ ಆಶ್‌ವಿಟ್ಸ್ ಸಾವಿನ ಶಿಬಿರದಲ್ಲಿ ರೈಲು ಇಳಿಸಿ ನೇರವಾಗಿ ಗ್ಯಾಸ್ ಕೋಣೆಗೆ ಕಳಿಸಿದವರ ಹೆಸರನ್ನು ಶಿಬಿರದ ಪುಸ್ತಕದಲ್ಲೇ ಬರೆಯಲಿಲ್ಲ. ಬರೆಯದವರ ಸಾವಿಗೆ ಪ್ರಮಾಣಪತ್ರ ಕೊಡುವವರು ಯಾರು? 1949ರಲ್ಲಿ ಜರ್ಮನಿಯ ಆರೋಲ್ಸೆನ್‌ನಲ್ಲಿ ಇದಕ್ಕೆಂದೇ ಒಂದು ವಿಶೇಷ ನೋಂದಣಿ ಕಚೇರಿ ತೆರೆದರು. ಆದರೆ ಅದು ಕೂಡ ದಾಖಲೆ ಇದ್ದವರ ಮಟ್ಟಿಗೆ ಮಾತ್ರ.

ಇನ್ನು ಈ ಪಾಲಿಸಿಗಳನ್ನು ಮಾಡಿಸಿದವರು ಯಾರು ಅನ್ನುವುದನ್ನೂ ಸ್ವಲ್ಪ ನೋಡಿ. ಶ್ರೀಮಂತರಷ್ಟೇ ಅಲ್ಲ. ಮೇಷ್ಟ್ರು, ದರ್ಜಿ, ಧಾನ್ಯದ ವ್ಯಾಪಾರಿ, ಸಣ್ಣ ಊರಿನ ವೈದ್ಯ. ಮಗನ ಓದಿಗೆ, ಮಗಳ ಮದುವೆಗೆ ಅಂತ ಹಣ ಕೂಡಿಡಲು ಎಂಡೋಮೆಂಟ್ ಪಾಲಿಸಿ ಮಾಡಿಸುತ್ತಿದ್ದರು. ಮಗಳ ವರದಕ್ಷಿಣೆಗಾಗಿಯೇ ಬೇರೆ ಪಾಲಿಸಿ ಇತ್ತು. ನಮ್ಮ ಕಡೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? 1920ರ ದಶಕದಲ್ಲಿ ಹಣದುಬ್ಬರ ಜರ್ಮನಿಯ ನಾಣ್ಯವಾದ ಮಾರ್ಕಿನ ಬೆಲೆಯನ್ನೇ ನುಂಗಿಹಾಕಿದ್ದರಿಂದ ಎಷ್ಟೋ ಜನ ಡಾಲರ್ ಲೆಕ್ಕದಲ್ಲಿ, ಚಿನ್ನದ ಲೆಕ್ಕದಲ್ಲಿ ಪಾಲಿಸಿ ತೆಗೆದುಕೊಂಡರು. 1831ರಲ್ಲಿ, ಈಗ ಇಟಲಿಯಲ್ಲಿರುವ ಟ್ರಿಯೆಸ್ಟೆಯಲ್ಲಿ ಶುರುವಾದ ಜೆನರಾಲಿ ಕಂಪನಿಯ ಶಾಖೆಗಳು ಪ್ರಾಗ್, ಬುಡಾಪೆಸ್ಟ್, ವಾರ್ಸಾ ಎಲ್ಲ ಕಡೆ ಇದ್ದವು. ಅದನ್ನು ಕಟ್ಟಿದವರಲ್ಲಿ ಯಹೂದಿ ವ್ಯಾಪಾರಿಗಳೇ ಇದ್ದರು. ನಂಬಿಕೆ ಬರದೆ ಇರುತ್ತದೆಯೇ?

ಸರ್ಕಾರವೇ ಲೂಟಿಗೆ ನಿಂತಾಗ ವಿಮೆಯ ದಾಖಲೆ ಎಷ್ಟು ಅಪಾಯದ್ದು ಅನ್ನುವುದು 1938ರಲ್ಲಿ ನಾಜಿ ಜರ್ಮನಿಯಲ್ಲಿ ಗೊತ್ತಾಯಿತು. ಆ ಏಪ್ರಿಲ್‌ನಲ್ಲಿ, 5,000 ಮಾರ್ಕಿಗಿಂತ ಹೆಚ್ಚು ಆಸ್ತಿ ಇರುವ ಯಹೂದಿಗಳೆಲ್ಲ ಅದನ್ನು ಫಾರಂ ತುಂಬಿ ಘೋಷಿಸಬೇಕು ಅಂತ ಆಜ್ಞೆ ಬಂತು. ಪಾಲಿಸಿಗಳನ್ನೂ ಬರೆಯಬೇಕಿತ್ತು, ಸರೆಂಡರ್ ಮೊತ್ತದ, ಅಂದರೆ ಅವಧಿಗೆ ಮೊದಲೇ ಮುರಿದರೆ ಸಿಗುವ ಹಣದ, ಸಮೇತ. ಪಾಪ, ಜನ ಪ್ರಾಮಾಣಿಕವಾಗಿ ಬರೆದುಕೊಟ್ಟರು. ದೇಶ ಬಿಡಬೇಕಾದರೆ ತೆರಿಗೆ ಕಟ್ಟಬೇಕು, ಅದಕ್ಕೆ ಪಾಲಿಸಿ ಸರೆಂಡರ್ ಮಾಡಬೇಕು. ಬಂದ ಹಣ ತಡೆಹಿಡಿದ ಖಾತೆಗೆ ಹೋಗುತ್ತಿತ್ತು, ಅವರ ಕೈಗಲ್ಲ.

ನವೆಂಬರ್ 9 ಮತ್ತು 10ರ ರಾತ್ರಿ ಯಹೂದಿಗಳ ಅಂಗಡಿಗಳ ಗಾಜು ಒಡೆದರು, ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಇಟ್ಟರು. ನವೆಂಬರ್ 12ಕ್ಕೆ ಹಿಟ್ಲರನ ಮಂತ್ರಿ ಗೋರಿಂಗ್ ಸಭೆ ಕರೆದ. ಆ ಸಭೆಯ ನಡಾವಳಿ ಉಳಿದುಕೊಂಡಿದೆ. ವಿಮಾ ಉದ್ಯಮದ ಪರವಾಗಿ ಅಲ್ಲಿ ಕೂತಿದ್ದವರು ಎಡುವರ್ಡ್ ಹಿಲ್ಗಾರ್ಡ್, ಅಲಿಯಾನ್ಸ್ ಕಂಪನಿಯ ನಿರ್ದೇಶಕ. ಕ್ಲೇಮ್ ಕೊಡದಿದ್ದರೆ ವಿದೇಶದಲ್ಲಿ ಜರ್ಮನ್ ವಿಮೆಯ ಹೆಸರು ಕೆಡುತ್ತದೆ ಅನ್ನುವುದು ಅವರ ಚಿಂತೆ. ತೀರ್ಮಾನ ಏನಾಯಿತು? ವಿಮಾ ಹಣ ಸರ್ಕಾರಕ್ಕೆ, ರಿಪೇರಿ ಖರ್ಚು ಅಂಗಡಿ ಕಳೆದುಕೊಂಡವನಿಗೆ, ಅದರ ಮೇಲೆ ಯಹೂದಿ ಸಮುದಾಯಕ್ಕೆ 100 ಕೋಟಿ ಮಾರ್ಕ್ ದಂಡ. ಬೇಲಿಯೇ ಎದ್ದು ಹೊಲ ಮೇಯ್ದರೆ ಅನ್ನುತ್ತಾರಲ್ಲ, ಇಲ್ಲಿ ಬೇಲಿಗೆ ರಸೀದಿಯೂ ಸಿಕ್ಕಿತು. 1941ರ ನವೆಂಬರ್‌ನಲ್ಲಿ ಇನ್ನೊಂದು ಆಜ್ಞೆ ಬಂತು. ಗಡಿಯಾಚೆಗೆ ಹೋದ ಯಹೂದಿಯ ಆಸ್ತಿಯೆಲ್ಲ ಸರ್ಕಾರದ್ದು. ಸಾಗಿಸಿದವರು ತಾವೇ, "ಹೋದ" ಅಂತ ಬರೆದುಕೊಂಡವರೂ ತಾವೇ.

ಕಂಪನಿಗಳ ಮಾತನ್ನೂ ಹೇಳಬೇಕು. ಜರ್ಮನಿಯೊಳಗಿನ ಪಾಲಿಸಿಗಳ ಹಣವನ್ನು ನಾವು ಆಗಿನ ಕಾನೂನಿನಂತೆ ಸರ್ಕಾರಕ್ಕೆ ಕಟ್ಟಿದ್ದೇವೆ, 1950ರ ದಶಕದಲ್ಲಿ ಪಶ್ಚಿಮ ಜರ್ಮನಿಯ ಪರಿಹಾರ ಕಾನೂನುಗಳ ಅಡಿಯಲ್ಲಿ ಅನೇಕರಿಗೆ ಪರಿಹಾರವೂ ಸಿಕ್ಕಿದೆ ಅನ್ನುತ್ತಾರೆ. ಅದರಲ್ಲಿ ಸತ್ಯ ಇದೆ. ಪೂರ್ವ ಯುರೋಪಿನ ಬಗ್ಗೆ ಅವರು ಹೇಳುವುದು ಬೇರೆ. ಅಲ್ಲಿನ ಕಮ್ಯುನಿಸ್ಟ್ ಸರ್ಕಾರಗಳು ನಮ್ಮ ಆಸ್ತಿಯನ್ನೆಲ್ಲ ರಾಷ್ಟ್ರೀಕರಣ ಮಾಡಿದವು, ಸಾಲವೂ ಅವರ ಜತೆಗೇ ಹೋಯಿತು ಅಂತ. ಈ ಎರಡನೆಯ ಮಾತು ನನ್ನಂಥವರಿಗೆ ಅರಗುವುದಿಲ್ಲ. 1956ರಲ್ಲಿ ಭಾರತದಲ್ಲೂ ಜೀವವಿಮೆ ರಾಷ್ಟ್ರೀಕರಣವಾಯಿತು. 245 ಕಂಪನಿಗಳು ಮತ್ತು ಸೊಸೈಟಿಗಳು ಒಂದಾಗಿ ಎಲ್‌ಐಸಿ ಆಯಿತು. ಹಳೇ ಕಂಪನಿಗಳ ಪಾಲಿಸಿಗಳು ಹೊಸ ಸಂಸ್ಥೆಯ ಹೊಣೆಯಾದವು, ಅದಕ್ಕೆ ಕೇಂದ್ರ ಸರ್ಕಾರ ಗ್ಯಾರಂಟಿ ಕೊಟ್ಟಿತು. ಬೋರ್ಡು ಬದಲಾದರೆ ಮಾತು ಸಾಯುವುದಿಲ್ಲ. ಪ್ರಾಗಿನ ಶಾಖೆ ಹೋಗಿರಬಹುದು. ಟ್ರಿಯೆಸ್ಟೆಯ, ಜ್ಯೂರಿಕ್‌ನ ಮುಖ್ಯ ಕಚೇರಿಗಳು ಎಲ್ಲಿಗೂ ಹೋಗಲಿಲ್ಲ. ಅವು ಬೆಳೆದವು.

ಈಗ ನಿಮ್ಮ ಸಂಸ್ಥೆಗಳ ವಿಷಯಕ್ಕೆ ಬರುತ್ತೇನೆ.

ಅಮೆರಿಕದಲ್ಲಿ ವಿಮೆಯ ನಿಯಂತ್ರಣ ರಾಜ್ಯಗಳ ಕೈಯಲ್ಲಿದೆ. 1990ರ ದಶಕದ ಕೊನೆಯಲ್ಲಿ ಈ ವಿಷಯವನ್ನು ಮೇಲೆ ತಂದವರೂ ರಾಜ್ಯಗಳ ವಿಮಾ ಆಯುಕ್ತರೇ. ಅದಕ್ಕೆ ಕೃತಜ್ಞತೆ ಹೇಳಲೇಬೇಕು. ಅವರ ಒತ್ತಡದಿಂದ 1998ರಲ್ಲಿ ಅಂತರರಾಷ್ಟ್ರೀಯ ಆಯೋಗವೊಂದು ಹುಟ್ಟಿತು. ಹಿಂದೆ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಲಾರೆನ್ಸ್ ಈಗಲ್‌ಬರ್ಗರ್ ಅದರ ಅಧ್ಯಕ್ಷ. ಅಲಿಯಾನ್ಸ್, ಆಕ್ಸಾ, ಜೆನರಾಲಿ, ವಿಂಟರ್‌ಥೂರ್, ಜ್ಯೂರಿಕ್ ಕಂಪನಿಗಳು ಸೇರಿಕೊಂಡವು. 2007ರ ಮಾರ್ಚ್‌ನಲ್ಲಿ ಬಾಗಿಲು ಹಾಕುವಷ್ಟರಲ್ಲಿ ಅದಕ್ಕೆ 90,000ಕ್ಕೂ ಜಾಸ್ತಿ ಕ್ಲೇಮು ಬಂದಿದ್ದವು. ಸುಮಾರು 48,000 ಜನರಿಗೆ ಒಟ್ಟು 30.6 ಕೋಟಿ ಡಾಲರ್ ಸಿಕ್ಕಿತು. ಸಣ್ಣ ಮೊತ್ತ ಅಲ್ಲ. ಆದರೆ ಆ 48,000 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಸಿಕ್ಕಿದ್ದು ತಲಾ 1,000 ಡಾಲರಿನ ಮಾನವೀಯ ನೆರವು. ಅಂದರೆ ಪಾಲಿಸಿ ಪತ್ತೆಯಾಗಲಿಲ್ಲ, ಏನೋ ಒಂದು ಇಟ್ಟುಕೊಳ್ಳಿ ಅಂತ. ಕ್ಲೇಮ್ ಗುಮಾಸ್ತನ ಕಣ್ಣಿನಿಂದ ನೋಡಿದರೆ ಅದು ಪಾವತಿ ಅಲ್ಲ.

ಅರ್ಥಶಾಸ್ತ್ರಜ್ಞ ಸಿಡ್ನಿ ಝಬ್ಲುಡಾಫ್ ಅವರು ಬಾಕಿ ಇರುವ ಮೊತ್ತ ಸುಮಾರು 1,700 ಕೋಟಿ ಡಾಲರ್ ಅಂತ ಲೆಕ್ಕ ಹಾಕಿದ್ದರು. ಕಂಪನಿಗಳು ಒಪ್ಪಲಿಲ್ಲ. ಬಡ್ಡಿ ಯಾವ ದರದಲ್ಲಿ, ಯಾವ ವರ್ಷದಿಂದ, ಯಾವ ನಾಣ್ಯದಲ್ಲಿ ಅಂತ ಜಗಳ ಶುರುವಾದರೆ ಮುಗಿಯುವುದಿಲ್ಲ. ನಾನು ಆ ಜಗಳಕ್ಕೆ ಇಳಿಯುವುದಿಲ್ಲ. ಲೆಜರ್ ತೆರೆದಿಟ್ಟರೆ ಅಂದಾಜು ಮಾಡುವ ಕೆಲಸವೇ ಇರುತ್ತಿರಲಿಲ್ಲ ಅನ್ನುವುದಷ್ಟೇ ನನ್ನ ಮಾತು.

ಆ ಆಯೋಗದ ದೊಡ್ಡ ಕೊರತೆ ಅದರ ಹುಟ್ಟಿನಲ್ಲೇ ಇತ್ತು. ಯಾರ ಮೇಲೆ ಕಣ್ಣಿಡಬೇಕಿತ್ತೋ ಆ ಕಂಪನಿಗಳೇ ಅದರ ಖರ್ಚು ನೋಡಿಕೊಂಡವು, ಅದರ ಸಭೆಯಲ್ಲೂ ಕೂತವು. ಅದು ಸರ್ಕಾರದ ಸಂಸ್ಥೆ ಆಗಿರಲಿಲ್ಲ. ದಾಖಲೆ ಹಾಜರುಪಡಿಸಿ ಅಂತ ಸಮನ್ಸ್ ಕೊಡುವ ಅಧಿಕಾರ ಇರಲಿಲ್ಲ. ಶುರುವಿನ ವರ್ಷಗಳಲ್ಲಿ ಕ್ಲೇಮಿಗೆ ಕೊಟ್ಟದ್ದಕ್ಕಿಂತ ಕಚೇರಿ ಖರ್ಚೇ ಜಾಸ್ತಿಯಾಯಿತು. ಸುಮಾರು 5,19,000 ಹೆಸರುಗಳ ಪಟ್ಟಿ ಪ್ರಕಟವಾದದ್ದು ನಿಜವಾದ ಸಾಧನೆ. ಆ ಪಟ್ಟಿ ಈಗಲೂ ಜೆರುಸಲೇಮಿನ ಯಾದ್ ವಶೆಮ್ ಸಂಸ್ಥೆಯ ಜಾಲತಾಣದಲ್ಲಿದೆ. ಆದರೆ ಬಹಳಷ್ಟು ಹೆಸರು ಹೊರಬಂದದ್ದು ಕ್ಲೇಮು ಹಾಕುವ ಗಡುವು ಹತ್ತಿರ ಬಂದಾಗ. ಕೆಲವು ಕಂಪನಿಗಳು ಪೂರ್ತಿ ಪಟ್ಟಿ ಕೊಡಲೇ ಇಲ್ಲ. ಪಟ್ಟಿಯಲ್ಲಿ ತಂದೆಯ ಹೆಸರು ಇದೆ ಅಂತ ಗೊತ್ತಾಗದಿದ್ದರೆ, ಆಗ ಏಳೆಂಟು ವರ್ಷದ ಮಗುವಾಗಿದ್ದವರು ಯಾವ ಕಂಪನಿಗೆ ಅರ್ಜಿ ಹಾಕಬೇಕು ಅಂತ ಹೇಗೆ ಹೇಳುತ್ತಾರೆ? ಅಪ್ಪ ಪಾಲಿಸಿ ಯಾವ ಕಂಪನಿಯಲ್ಲಿ ಮಾಡಿಸಿದ್ದರು ಅಂತ ನಮ್ಮಲ್ಲೇ ಎಷ್ಟು ಮಕ್ಕಳಿಗೆ ಗೊತ್ತು?

ಕ್ಯಾಲಿಫೋರ್ನಿಯಾ 1999ರಲ್ಲಿ ಸರಿಯಾದ ಕೆಲಸ ಮಾಡಿತ್ತು. ನಮ್ಮ ರಾಜ್ಯದಲ್ಲಿ ವ್ಯಾಪಾರ ಮಾಡುವ ವಿಮಾ ಕಂಪನಿ, ತಾನು ಅಥವಾ ತನ್ನ ಬಳಗದ ಕಂಪನಿ 1920ರಿಂದ 1945ರವರೆಗೆ ಯುರೋಪಿನಲ್ಲಿ ಮಾರಿದ ಪಾಲಿಸಿಗಳ ವಿವರ ಕೊಡಬೇಕು, ಇಲ್ಲದಿದ್ದರೆ ಲೈಸೆನ್ಸ್ ಇಲ್ಲ ಅಂತ ಕಾನೂನು ಮಾಡಿತು. ದುಡ್ಡು ಕೊಡಿ ಅಂತ ಕೂಡ ಅಲ್ಲ, ಹೆಸರು ಕೊಡಿ ಅಂತ. ವಿಮಾ ಕಂಪನಿಗಳ ಸಂಘ ಕೋರ್ಟಿಗೆ ಹೋಯಿತು. 2003ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಆ ಕಾನೂನನ್ನು ಹೊಡೆದುಹಾಕಿತು. ಅಧ್ಯಕ್ಷರು ಜರ್ಮನಿ ಮುಂತಾದ ದೇಶಗಳ ಜತೆ ಮಾಡಿಕೊಂಡ ಒಪ್ಪಂದಗಳ ವಿದೇಶಾಂಗ ನೀತಿಗೆ ಇದು ಅಡ್ಡ ಬರುತ್ತದೆ ಅನ್ನುವುದು ಕಾರಣ. ಭಿನ್ನ ತೀರ್ಪು ಬರೆದವರು ಉದಾರವಾದಿ ನ್ಯಾಯಮೂರ್ತಿ ಗಿನ್ಸ್‌ಬರ್ಗ್. ಅವರ ಜತೆ ಸಹಿ ಹಾಕಿದವರಲ್ಲಿ ಸಂಪ್ರದಾಯವಾದಿಗಳಾದ ಸ್ಕಾಲಿಯಾ, ಥಾಮಸ್ ಇದ್ದರು. ಈ ಮೂವರು ಒಂದೇ ಕಡೆ ನಿಂತ ಕೇಸುಗಳನ್ನು ಹುಡುಕಿ ನೋಡಿ! ಆ ಒಪ್ಪಂದಗಳಲ್ಲಿ ಹೆಸರು ಬಹಿರಂಗ ಮಾಡಬೇಡಿ ಅಂತ ಎಲ್ಲಿಯೂ ಬರೆದಿಲ್ಲ ಅನ್ನುವುದು ಗಿನ್ಸ್‌ಬರ್ಗ್ ಅವರ ವಾದದ ತಿರುಳು. 2010ರಲ್ಲಿ ನ್ಯೂಯಾರ್ಕಿನಲ್ಲಿರುವ ಫೆಡರಲ್ ಮೇಲ್ಮನವಿ ನ್ಯಾಯಾಲಯವೂ ಅದೇ ವಿದೇಶಾಂಗ ನೀತಿಯ ಕಾರಣಕ್ಕೆ ಜೆನರಾಲಿ ವಿರುದ್ಧದ ದಾವೆಗಳನ್ನು ವಜಾ ಮಾಡಿದ್ದನ್ನು ಎತ್ತಿಹಿಡಿಯಿತು.

ಹೀಗಾಗಿ ರಾಜ್ಯಗಳ ಕೈ ಕಟ್ಟಿತು. ಬಿಚ್ಚಬೇಕಾದವರು ಕಾಂಗ್ರೆಸ್ಸಿನವರು, ಅಂದರೆ ಅಮೆರಿಕದ ಸಂಸತ್ತಿನವರು. ಅಧ್ಯಕ್ಷರ ನೀತಿಯ ಹೆಸರಿನಲ್ಲಿ ಬಂದ ತೀರ್ಪನ್ನು ಕಾಂಗ್ರೆಸ್ ಒಂದು ಸ್ಪಷ್ಟ ಕಾನೂನಿನಿಂದ ದಾಟಬಹುದು. ಇದೇ ಉದ್ದೇಶದ ಮಸೂದೆಗಳು ಮಂಡನೆಯಾದವು. 2007ರದು ಇಲಿಯಾನಾ ರಾಸ್-ಲೆಟಿನೆನ್ ಅವರದು. ಅವರು ರಿಪಬ್ಲಿಕನ್, ಜತೆಗೆ ನಿಂತವರು ಡೆಮಾಕ್ರಾಟ್. ವಿಚಾರಣೆಗಳಾದವು. 2019ರ ಸೆಪ್ಟೆಂಬರ್‌ನಲ್ಲಿ ಸೆನೆಟ್ಟಿನ ನ್ಯಾಯಾಂಗ ಸಮಿತಿಯಲ್ಲಿ ಮತ್ತೊಂದು ವಿಚಾರಣೆ ಆಯಿತು. ವಯಸ್ಸಾದವರು ದೂರದಿಂದ ಬಂದು ಕೂತು ಹೇಳಿದರು, ನೀವು ಗೌರವದಿಂದ ಕೇಳಿಸಿಕೊಂಡಿರಿ. ಮಸೂದೆ ಮಾತ್ರ ಕಾನೂನಾಗಲಿಲ್ಲ.

ನಿಮ್ಮ ಅಡ್ಡಿ ಏನು ಅಂತ ಗೊತ್ತು. 2000ದಲ್ಲಿ ಜರ್ಮನಿ ನಾಜಿ ಕಾಲದ ಸಂತ್ರಸ್ತರಿಗೆ ಹಣ ಕೊಡಲು 1,000 ಕೋಟಿ ಮಾರ್ಕಿನ ಪ್ರತಿಷ್ಠಾನ ಮಾಡಿದಾಗ, ಇನ್ನು ಮುಂದೆ ಜರ್ಮನ್ ಕಂಪನಿಗಳಿಗೆ ನಮ್ಮ ಕೋರ್ಟುಗಳಲ್ಲಿ ಕಾಟ ಇರುವುದಿಲ್ಲ, ಅಂಥ ಕೇಸು ಬಂದರೆ ವಜಾ ಮಾಡುವುದು ದೇಶದ ಹಿತಕ್ಕೆ ಒಳ್ಳೆಯದು ಅಂತ ನಾವೇ ಕೋರ್ಟಿಗೆ ತಿಳಿಸುತ್ತೇವೆ ಎಂದು ಅಮೆರಿಕ ಒಪ್ಪಿಕೊಂಡಿತು. ಕೊಟ್ಟ ಮಾತು ಮುರಿದರೆ ಮುಂದೆ ಯಾರೂ ನಮ್ಮನ್ನು ನಂಬುವುದಿಲ್ಲ ಅಂತ ಆ ಮಾತುಕತೆ ನಡೆಸಿದ ಸ್ಟುವರ್ಟ್ ಐಸೆನ್‌ಸ್ಟಾಟ್ ಅವರಂಥವರು ವಾದಿಸಿದ್ದಾರೆ. ಕೆಲವು ದೊಡ್ಡ ಯಹೂದಿ ಸಂಘಟನೆಗಳೂ ಅದೇ ಅಭಿಪ್ರಾಯದಲ್ಲಿದ್ದವು. ಇದು ಹಗುರವಾದ ವಾದ ಅಲ್ಲ. ಆ ಒಪ್ಪಂದದಿಂದ ನಾಜಿಗಳ ಕೈಯಲ್ಲಿ ಗುಲಾಮರಂತೆ ದುಡಿದ ಲಕ್ಷಾಂತರ ಜನರಿಗೆ ಹಣ ಸಿಕ್ಕಿದೆ. ಆದರೆ ಮಾನ್ಯರೇ, ಪಾಲಿಸಿ ಒಂದು ಒಪ್ಪಂದ. ಕಂಪನಿ ಮತ್ತು ಆ ದರ್ಜಿಯ ನಡುವಿನದು. ಪ್ರೀಮಿಯಂ ಕಟ್ಟಿದವನು ಬರ್ಲಿನ್ನಿನ ಮಾತುಕತೆಗೆ ಬಂದಿರಲಿಲ್ಲ. ಅವನ ಕರಾರನ್ನು ಅವನ ಮಗಳನ್ನು ಕೇಳದೆ ಬೇರೆಯವರು ರಾಜಿ ಮಾಡಿಕೊಂಡರೆ ಅದು ಎಷ್ಟು ಸರಿ? ಅದೂ ಹೋಗಲಿ. ಕೋರ್ಟಿನ ಬಾಗಿಲು ತೆರೆಯುವುದು ಕಷ್ಟ ಅನ್ನುವುದಾದರೆ, ಲೆಜರ್ ತೆರೆಸುವುದಕ್ಕೆ ಏನು ಅಡ್ಡಿ? ಅದರಿಂದ ಯಾವ ಮಾತು ಮುರಿಯುತ್ತದೆ?

ಹೆಸರು ಬಹಿರಂಗವಾದರೆ ಏನಾಗುತ್ತದೆ ಅನ್ನುವುದಕ್ಕೆ ಈ ದೇಶದ್ದೇ ಉದಾಹರಣೆ ಇದೆ. ನ್ಯೂಯಾರ್ಕ್ ಲೈಫ್ ಕಂಪನಿ 1915ಕ್ಕೆ ಮೊದಲು ಒಟ್ಟೋಮನ್ (ತುರ್ಕಿ) ಸಾಮ್ರಾಜ್ಯದ ಆರ್ಮೇನಿಯನ್ನರಿಗೆ ಸಾವಿರಾರು ಪಾಲಿಸಿ ಮಾರಿತ್ತು. ಆ ಜನರ ನರಮೇಧ ನಡೆಯುತ್ತಿದ್ದಾಗಲೇ ಮಂತ್ರಿ ತಲಾತ್ ಪಾಷಾ ಅಮೆರಿಕದ ರಾಯಭಾರಿ ಮಾರ್ಗೆಂಥೌ ಅವರ ಹತ್ತಿರ ಪಾಲಿಸಿದಾರರ ಪಟ್ಟಿ ಕೇಳಿದ. ಅವರೆಲ್ಲ ಹೆಚ್ಚುಕಡಿಮೆ ಸತ್ತಿದ್ದಾರೆ, ವಾರಸುದಾರರೂ ಇಲ್ಲ, ಹಣ ಸರ್ಕಾರಕ್ಕೆ ಬರಬೇಕು ಅಂತ! ಮಾರ್ಗೆಂಥೌ ಸಿಟ್ಟಿನಿಂದ ಎದ್ದು ಹೊರಟುಬಂದೆ ಅಂತ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಸುಮಾರು 90 ವರ್ಷದ ನಂತರ, 2004ರಲ್ಲಿ, ಆ ಕಂಪನಿ 2 ಕೋಟಿ ಡಾಲರಿಗೆ ರಾಜಿಗೆ ಬಂತು. ಸುಮಾರು 2,400 ಪಾಲಿಸಿದಾರರ ಹೆಸರು ಪ್ರಕಟವಾಯಿತು. ಜಗತ್ತಿನ ಮೂಲೆ ಮೂಲೆಯಿಂದ ಮೊಮ್ಮಕ್ಕಳು, ಮರಿಮಕ್ಕಳು ಹೆಸರು ನೋಡಿದರು. ಮರು ವರ್ಷ ಆಕ್ಸಾ ಕೂಡ 1.75 ಕೋಟಿ ಡಾಲರಿಗೆ ಒಪ್ಪಿತು. ಯಾವ ಕಂಪನಿಯೂ ಮುಳುಗಲಿಲ್ಲ. ಯಾವ ದೇಶದ ಸಂಬಂಧವೂ ಕೆಡಲಿಲ್ಲ.

ಭಾರತದಲ್ಲಿ ಇನ್ನೂ ಸರಳವಾದ ನಿಯಮ ಇದೆ. ಹಕ್ಕುದಾರರು ಕೇಳದೆ ಉಳಿದ ಪಾಲಿಸಿ ಹಣ 1,000 ರೂಪಾಯಿ ಅಥವಾ ಹೆಚ್ಚಿದ್ದರೆ, ಹುಡುಕಿ ನೋಡುವ ವ್ಯವಸ್ಥೆಯನ್ನು ಪ್ರತಿ ವಿಮಾ ಕಂಪನಿ ತನ್ನ ಜಾಲತಾಣದಲ್ಲಿ ಇಡಬೇಕು ಅಂತ ನಿಯಂತ್ರಣ ಪ್ರಾಧಿಕಾರ ಹೇಳಿದೆ. ಹತ್ತು ವರ್ಷ ಯಾರೂ ಕೇಳದಿದ್ದರೆ ಆ ಹಣ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತದೆ. ಅಲ್ಲಿಗೆ ಹೋದ ಮೇಲೂ 25 ವರ್ಷದವರೆಗೆ ವಾರಸುದಾರರು ಕೇಳಬಹುದು. ಕಂಪನಿಯ ಜೇಬಿನಲ್ಲಿ ಸುಮ್ನೆ ಉಳಿಯುವ ಹಾಗಿಲ್ಲ. ತಮಾಷೆ ಅಂದರೆ ಅಲಿಯಾನ್ಸ್, ಜೆನರಾಲಿ ಪಾಲುದಾರಿಕೆಯ ಕಂಪನಿಗಳು ಭಾರತದಲ್ಲಿ ಇದೇ ನಿಯಮ ಪಾಲಿಸಿಕೊಂಡು ವ್ಯಾಪಾರ ಮಾಡಿವೆ. ಹುಬ್ಬಳ್ಳಿಯ ಪಾಲಿಸಿದಾರನಿಗೆ ಆಗುವ ಕೆಲಸ ಬುಡಾಪೆಸ್ಟಿನ ಪಾಲಿಸಿದಾರನ ಮಗಳಿಗೆ ಯಾಕೆ ಆಗುವುದಿಲ್ಲ?

ಆಯೋಗ ಮುಚ್ಚಿದ ಮೇಲೂ ಕ್ಲೇಮು ಬಂದರೆ ತೆಗೆದುಕೊಳ್ಳುತ್ತೇವೆ, ಸಾಕ್ಷಿಯ ವಿಷಯದಲ್ಲಿ ಅದೇ ಸಡಿಲ ನಿಯಮ ಅನ್ವಯಿಸುತ್ತೇವೆ ಅಂತ ಆಯೋಗದಲ್ಲಿದ್ದ ಕಂಪನಿಗಳು ಮಾತು ಕೊಟ್ಟಿವೆ. ಒಳ್ಳೆಯದೇ. ಆದರೆ 2007ರಿಂದ ಈಚೆಗೆ ಎಷ್ಟು ಬಂದವು, ಎಷ್ಟು ತೀರಿದವು, ತಿರಸ್ಕರಿಸಿದ್ದು ಯಾವ ಕಾರಣಕ್ಕೆ, ತಿರಸ್ಕಾರದ ವಿರುದ್ಧ ಎಲ್ಲಿ ಮೇಲ್ಮನವಿ? ಈ ಕ್ಲೇಮುಗಳಿಗಾಗಿಯೇ ಇದನ್ನೆಲ್ಲ ಬಲವಂತವಾಗಿ ಕೇಳಿ ಪಡೆಯುವ ಅಧಿಕಾರ ಇರುವ ಒಂದು ಕಚೇರಿ ಈ ದೇಶದಲ್ಲಿ ಇಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ 1997ರಿಂದ ಹಾಲೋಕಾಸ್ಟ್ ಕ್ಲೇಮುಗಳ ಕಚೇರಿ ಇದೆ. ಒಂದು ಪೈಸೆ ತೆಗೆದುಕೊಳ್ಳದೆ ವಾರಸುದಾರರ ಪರವಾಗಿ ಬರೆದು, ಹುಡುಕಿ ಕೊಡುತ್ತಾರೆ. ಲೈಬ್ರರಿಯ ಆ ಮಹಿಳೆಯನ್ನು ನಾನು ಕಳಿಸಿದ್ದೂ ಅಲ್ಲಿಗೇ. ಆದರೆ ಅವರೂ ಕೇಳಬಹುದು, ಬೇಡಬಹುದು. ಕಂಪನಿಯ ಕಪಾಟು ತೆಗೆಸಲಾರರು.

2008ರಲ್ಲಿ ನಮ್ಮ ನ್ಯೂಜೆರ್ಸಿಯಲ್ಲೇ ಜೈಂಟ್ಸ್ ಮತ್ತು ಜೆಟ್ಸ್ ಅನ್ನುವ ಅಮೆರಿಕನ್ ಫುಟ್‌ಬಾಲ್ ತಂಡಗಳ ಹೊಸ ಕ್ರೀಡಾಂಗಣಕ್ಕೆ ಅಲಿಯಾನ್ಸ್ ಹೆಸರಿಡುವ ಮಾತುಕತೆ ನಡೆದಿತ್ತು. ಜನ ಪ್ರತಿಭಟಿಸಿದರು, ಕೆಲವೇ ದಿನಗಳಲ್ಲಿ ಮಾತುಕತೆ ಮುರಿದುಬಿತ್ತು. ಒಂದು ಬೋರ್ಡು ಏರದಂತೆ ತಡೆಯಲು ಜನರಿಗೆ ಅಷ್ಟು ಬೇಗ ಆಯಿತು. ಲೆಜರ್ ತೆರೆಸಲು ನಿಮ್ಮಿಂದ ಇಷ್ಟು ವರ್ಷವಾದರೂ ಆಗಿಲ್ಲ.

ನನ್ನ ಮನವಿ ಹೀಗಿದೆ.

ಕಾಂಗ್ರೆಸ್ಸಿನ ಸದಸ್ಯರಲ್ಲಿ: ಅಮೆರಿಕದಲ್ಲಿ ವ್ಯಾಪಾರ ಮಾಡುವ ಪ್ರತಿ ವಿಮಾ ಕಂಪನಿಯೂ ತನ್ನ ಮತ್ತು ತನ್ನ ಬಳಗದ ಕಂಪನಿಗಳ 1920ರಿಂದ 1945ರವರೆಗಿನ ಯುರೋಪಿನ ಪಾಲಿಸಿಗಳ ಹೆಸರುಗಳನ್ನು ಪ್ರಕಟಿಸಬೇಕು ಅಂತ ಕಾನೂನು ಮಾಡಿ. ರಾಜ್ಯಗಳು ಇಂಥ ಕಾನೂನು ಮಾಡಿದರೆ ವಿದೇಶಾಂಗ ನೀತಿಗೆ ಅಡ್ಡಿಯಲ್ಲ ಅಂತ ಅದರಲ್ಲೇ ಬರೆಯಿರಿ. ಹೆಸರು ಹೊಂದಿಕೆಯಾದ ಮೇಲೆ ಹಣ ಸರಿಯಾದವರಿಗೆ ಕೊಟ್ಟಿದ್ದೇವೆ ಅಂತ ತೋರಿಸುವ ಹೊಣೆ ಕಂಪನಿಯದ್ದಾಗಲಿ. ಸರ್ಕಾರಕ್ಕೆ ಕಟ್ಟಿದೆವು ಅಂತ ಹೇಳುವುದಾದರೆ ಅದರ ರಸೀದಿಯನ್ನೂ ಅವರೇ ತರಲಿ. ತೀರ್ಮಾನ ಒಪ್ಪದವರಿಗೆ ಕೆಲವು ವರ್ಷಗಳ ಮಟ್ಟಿಗಾದರೂ ಕೋರ್ಟಿಗೆ ಹೋಗುವ ಅವಕಾಶ ಕೊಡಿ. ಕುಟುಂಬಕ್ಕೆ ಕುಟುಂಬವೇ ನಾಶವಾಗಿ ವಾರಸುದಾರರೇ ಉಳಿಯದ ಪಾಲಿಸಿಗಳ ಹಣ ಕಂಪನಿಯಲ್ಲಿ ಉಳಿಯಬಾರದು. ಬದುಕಿರುವ ಸಂತ್ರಸ್ತರ ಔಷಧಿ, ಮನೆಯಲ್ಲಿ ನೋಡಿಕೊಳ್ಳುವವರ ಸಂಬಳ, ಬಾಡಿಗೆ ಇದಕ್ಕೆ ಹೋಗಲಿ. ಈ ದೇಶದಲ್ಲಿರುವ ಸಂತ್ರಸ್ತರಲ್ಲಿ ಬಡತನದಲ್ಲಿ ಇರುವವರು ಬಹಳ ಜನ ಅನ್ನುವುದು ನಿಮ್ಮ ವಿಚಾರಣೆಗಳಲ್ಲೇ ಬಂದಿದೆ.

ವಿಮಾ ಆಯುಕ್ತರಲ್ಲಿ: ಕಾನೂನು ಬರುವವರೆಗೆ ಕಾಯಬೇಡಿ. ಕಂಪನಿಗಳು ಕ್ಲೇಮುಗಳನ್ನು ಹೇಗೆ ನಡೆಸುತ್ತವೆ ಅಂತ ಪರಿಶೀಲಿಸುವ ಸಾಮಾನ್ಯ ಅಧಿಕಾರ ನಿಮಗೆ ಇದೆ. 2007ರ ನಂತರ ಬಂದ ಹಾಲೋಕಾಸ್ಟ್ ಕ್ಲೇಮುಗಳ ವರ್ಷವಾರು ವಿವರ ಕೊಡಿ ಅಂತ ಎಲ್ಲ ಆಯುಕ್ತರೂ ಒಟ್ಟಾಗಿ ಕಂಪನಿಗಳಿಗೆ ಬರೆಯಿರಿ. ಬಂದ ಉತ್ತರ, ಬಾರದ ಉತ್ತರ, ಎರಡನ್ನೂ ಪ್ರಕಟಿಸಿ. ನ್ಯೂಯಾರ್ಕಿನ ಕಚೇರಿಯಂಥದ್ದು ಸಂತ್ರಸ್ತರು ಹೆಚ್ಚಾಗಿರುವ ಫ್ಲಾರಿಡಾ, ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಯಲ್ಲೂ ಇರಲಿ.

ಹುಡುಕುವುದು ಕಷ್ಟ ಅನ್ನುವ ಉತ್ತರವನ್ನು ದಯವಿಟ್ಟು ಈಗ ಒಪ್ಪಬೇಡಿ. 1998ರಲ್ಲಿ ಕೈಬರಹದ ಲೆಜರ್ ಓದುವುದು ತಿಂಗಳುಗಟ್ಟಲೆ ಕೆಲಸ. ಈಗ ಹಾಗಿಲ್ಲ. ಈ ಪತ್ರ ಓದುವ ಕನ್ನಡಿಗರಲ್ಲಿ ಎಷ್ಟೋ ಜನ ವಿಮಾ ಕಂಪನಿಗಳ ಸಾಫ್ಟ್‌ವೇರ್ ಕೆಲಸವನ್ನೇ ಮಾಡುತ್ತೀರಿ. ಹಳೇ ಪುಟ ಸ್ಕ್ಯಾನ್ ಮಾಡಿ ಅಕ್ಷರ ಗುರುತಿಸುವುದು, ಒಂದೇ ಹೆಸರನ್ನು ನಾಲ್ಕು ಥರ ಬರೆದಿದ್ದರೂ ಹೊಂದಿಸಿ ನೋಡುವುದು ಎಷ್ಟು ದಿನದ ಕೆಲಸ ಅಂತ ನಿಮ್ಮ ಪ್ರತಿನಿಧಿಗಳಿಗೆ ನೀವೇ ಹೇಳಿ. ಇನಿಷಿಯಲ್ ಹಿಂದುಮುಂದಾಗಿ ಪಾಸ್‌ಪೋರ್ಟಿಗೂ ಬ್ಯಾಂಕಿಗೂ ಹೆಸರು ತಾಳೆಯಾಗದೆ ಒದ್ದಾಡಿದವರು ನಾವು. ನಮಗೆ ಇದು ಬೇಗ ಅರ್ಥವಾಗುತ್ತದೆ.

ಸಮಯದ ಬಗ್ಗೆ ಒಂದು ಲೆಕ್ಕ. ಜಗತ್ತಿನಲ್ಲಿ ಬದುಕಿರುವ ಹಾಲೋಕಾಸ್ಟ್ ಸಂತ್ರಸ್ತರು ಎರಡು ಲಕ್ಷದ ಆಸುಪಾಸು ಅಂತ, ಅವರ ಪರಿಹಾರಕ್ಕಾಗಿ ಕೆಲಸ ಮಾಡುವ ಕ್ಲೇಮ್ಸ್ ಕಾನ್ಫರೆನ್ಸ್ ಸಂಸ್ಥೆ 2025ರಲ್ಲಿ ಹೇಳಿತ್ತು. ಆಗಲೇ ಅವರಲ್ಲಿ ಅರ್ಧದಷ್ಟು ಜನ 87 ದಾಟಿದವರು. ಅಲ್ಲಿಂದ ಹತ್ತು ವರ್ಷದಲ್ಲಿ ನೂರಕ್ಕೆ 70 ಜನ ಇರುವುದಿಲ್ಲ ಅಂತ ಅದೇ ಸಂಸ್ಥೆಯ ಅಂದಾಜು. ಕ್ಲೇಮ್ ವಿಭಾಗದಲ್ಲಿ ಕೂತವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಕೇಳುವವರು ಇಲ್ಲವಾದರೆ ಫೈಲು ತಾನಾಗಿಯೇ ಮುಚ್ಚುತ್ತದೆ. ಅದಕ್ಕೆ ಯಾರೂ ಸಹಿ ಹಾಕಬೇಕಾಗಿಲ್ಲ.

ನ್ಯಾಯಾಂಗ ಸಮಿತಿಗಳು ಈ ಅಧಿವೇಶನದಲ್ಲೇ ಈ ವಿಷಯವನ್ನು ಕಾರ್ಯಸೂಚಿಗೆ ತೆಗೆದುಕೊಳ್ಳುತ್ತವೆಯೇ ಇಲ್ಲವೇ ಅನ್ನುವುದಕ್ಕೆ ಲಿಖಿತ ಉತ್ತರ ಕೊಡಬೇಕಾಗಿ ಕೋರುತ್ತೇನೆ. ಆಗುವುದಿಲ್ಲ ಅನ್ನುವುದಾದರೆ ಕಾರಣ ಬರೆಯಿರಿ. ಬಂದ ಉತ್ತರವನ್ನು ಈ ಪತ್ರದ ಹಾಗೆಯೇ ಬಹಿರಂಗವಾಗಿ ಹಾಕುತ್ತೇನೆ.

ಇಂತಿ,
ನ್ಯೂಜೆರ್ಸಿಯ ಒಬ್ಬ ಕನ್ನಡಿಗ ಮತದಾರ,
ನಿವೃತ್ತ ವಿಮಾ ನೌಕರ